ಇನ್ನೂ ಮಲಗಲಿ

ಎಸ್ತೆಲಿಯ ಬೀದಿಯಲ್ಲಿ ಬಿಸಿಲು ಬೂಟುಗಾಲಲ್ಲಿ ತಿರುಗುವಾಗಲೂ
ಈ ಕೋಣೆಯೊಳಗೆ ಬರಿಗಾಲಿನ ಸಂಜೆ.
ಗೋಡೆಯೆಲ್ಲ ಸೀಡರ್ ಹಲಗೆ, ಮೂಲೆಗೊಂದು ನೀರಿನ ತಟ್ಟೆ.
ಆಡಿದ ಮಾತೂ ಕೊಂಚ ತೇವ.

ಮೊದಲ ದಿನ ದೋನ್ಯಾ ಎದುವಿಹೆಸ್
ಆಗಷ್ಟೇ ಸುತ್ತಿದ ಸಿಗಾರನ್ನು ನನ್ನ ಅಂಗೈಗಿಟ್ಟು
"ಮೂಸು. ಏನು ವಾಸನೆ?" ಅಂದಳು.
"ಕುದುರೆ ಲಾಯ."
"ಹಾಗಾದರೆ ಇನ್ನೂ ಸಿಟ್ಟಿನಲ್ಲಿದೆ. ಮಲಗಿಸು."

ಒಣಗಿದರೆ ಎಲೆ ಬಿರಿಯುತ್ತದೆ,
ತೋಯ್ದರೆ ಉಸಿರು ಕಟ್ಟಿ ಬೂಸ್ಟು.
ನೂರಕ್ಕೆ ಅರವತ್ತೆಂಟು ತೇವ, ಅಷ್ಟೇ.
ಅಳೆಯುವ ಮುಳ್ಳು ಸುಳ್ಳಾಡುತ್ತಿದೆ ಅನ್ನಿಸಿದರೆ
ಒದ್ದೆ ಉಪ್ಪಿನ ಜೊತೆ ಡಬ್ಬಿಯಲ್ಲಿ ಕೂಡಿಹಾಕಿ
ರಾತ್ರಿಯಿಡೀ ಆಣೆ ಮಾಡಿಸುವುದು.
ತಿಂಗಳಿಗೊಮ್ಮೆ ಕೆಳಗಿನ ಪೆಟ್ಟಿಗೆ ಮೇಲೆ, ಮೇಲಿನದು ಕೆಳಗೆ,
ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿದ ಹಾಗೆ.
ಸೂಜಿಮೊನೆಯಷ್ಟು ತೂತು ಕಂಡಿತೋ, ಹುಳ;
ಅಂದು ಯಾರಿಗೂ ಊಟವಿಲ್ಲ.

ಶನಿವಾರ ಶನಿವಾರ ಕಪಾಟು ತೆರೆದು ಅದೇ ಪ್ರಶ್ನೆ.
ಆರನೇ ವಾರ: "ಒದ್ದೆ ರಟ್ಟು."
ಮೂರನೇ ತಿಂಗಳು: "ಒಣ ಹುಲ್ಲು. ಹಿಂದೆಲ್ಲೋ ಮೆಣಸು."
ಕಣ್ಣು ಮುಚ್ಚಿ ಕೇಳುತ್ತಿದ್ದಳು,
ಬಂದ ಕಾಗದವನ್ನು ಬೇರೆಯವರಿಂದ ಓದಿಸಿಕೊಳ್ಳುವವಳಂತೆ.
ಪಾಠ ಒಪ್ಪಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಯಜಮಾನ ಅಬೆಲೀನೊ ಬಂದ, ಫೋನು ಕಿವಿಯಲ್ಲೇ.
ಮಯಾಮಿಯ ಗಿರಾಕಿ, ನಾಲ್ಕು ಸಾವಿರ, ನಾಳೆ ಬೆಳಿಗ್ಗೆ ಲಾರಿ.
"ಇನ್ನೂ ಮಲಗಲಿ."
ಬಾಗಿಲಾಚೆ ನಿಂತು ಒಂದನ್ನು ಹಚ್ಚಿದ,
ಎರಡು ದಮ್ಮೆಳೆದ, ಕೆಮ್ಮಿದ,
ಗಿರಾಕಿಗೆ ಏನೋ ಸುಳ್ಳು ಹೇಳುತ್ತ ಇಳಿದುಹೋದ.

ಅದೇ ಮಧ್ಯಾಹ್ನ ಹಿತ್ತಲಲ್ಲಿ ಬೀನ್ಸ್ ಸೀದು ಕರಕಲು.
ನಾನು ಬೀದಿಯ ತಿರುವಿನಿಂದಲೇ ಓಡಿ ಬಂದೆ.
ಒಲೆಯಿಂದ ಎರಡು ಮಾರು ದೂರ, ಬೆನ್ನು ಮಾಡಿ,
ಸಿಗಾರುಗಳಿಗೆ ಕಾಗದದ ಪಟ್ಟಿ ತೊಡಿಸುತ್ತ ಕೂತಿದ್ದಾಳೆ ಅವಳು.
ತಿರುಗಿ ಪಾತ್ರೆಯನ್ನು ನೋಡಿದಳು. ಆಮೇಲೆ ನನ್ನ ಮೂಗನ್ನು.
"ಮೂರು ವರ್ಷ," ಅಂದಳು. "ಆ ಜ್ವರ ಬಂದು ಹೋದ ಮೇಲೆ."
ಸೌಟಿನಿಂದ ತಳ ಕೆರೆದಳು.

ಅಬೆಲೀನೊಗೆ ನಾನು ಹೇಳಿಲ್ಲ.

ಈ ಶನಿವಾರ ಮತ್ತೆ ಕಪಾಟು. ಏನು ವಾಸನೆ?
ಅವಸರ ಮಾಡಲಿಲ್ಲ. ಎರಡು ಸಲ ಮೂಸಿದೆ,
ಬಾಯಿಗೆ ಬಂದ ಮೊದಲ ಮಾತನ್ನು ನುಂಗಿಕೊಂಡೆ.
"ಕುದುರೆ ಹೊರಟುಹೋಗಿದೆ. ಜೀನು ಉಳಿದಿದೆ."

ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಇನ್ನಷ್ಟು ಹತ್ತಿರ ಬಂದಳು.
"ಹೊಸ ಜೀನೋ?
ಬೆವರು ಕುಡಿದದ್ದೋ?"