ಕಿರುಬೆರಳು

ಕೆಮ್ಚಿಯ ಕಡಲು ಹಿಂದೆ ಸರಿದಿದೆ.
ದೋಣಿಗಳೆಲ್ಲ ಕೆಸರಲ್ಲಿ ಒಂದೇ ಮಗ್ಗುಲಿಗೆ ಒರಗಿವೆ,
ನಿದ್ದೆಯಲ್ಲಿ ನೀನು ಒರಗುವ ಹಾಗೇ.
ಕಾರ್ಖಾನೆಯ ಸೈರನ್ನಿಗೆ ಇನ್ನೂ ನಲವತ್ತು ನಿಮಿಷ.
ಬಾ ಎಲಾದಿಯೊ, ಕುಡಿ.
ಕಚ್ಚಬೇಡ.

ಮೊದಲ ಸಲ ಕಚ್ಚಿದಾಗ ನಾನು ಕಿರುಚಿದ್ದು
ಪಕ್ಕದ ಮನೆಯ ಓರ್ಫೆಲಿನಾ ಅಜ್ಜಿಗೂ ಕೇಳಿತ್ತು.
ಯಾರೋ ಒಲೆಗೆ ಬಿದ್ದರೆಂದು
ಕದಿರು ಕೈಯಲ್ಲೇ ಹಿಡಿದು ಓಡಿ ಬಂದಳು.
ನೀನು ನಕ್ಕೆ, ಇದ್ದ ನಾಲ್ಕೂ ಹಲ್ಲು ತೋರಿಸಿ.
ಆಮೇಲೆ ನನ್ನ ಮುಖ ನೋಡಿ, ತುಟಿ ಸೊಟ್ಟ ಮಾಡಿ,
ಓಣಿಗೆಲ್ಲ ಕೇಳುವಂತೆ ಅತ್ತುಬಿಟ್ಟೆ.
ಇಡೀ ಒಂದು ಹಗಲು ಎದೆಯ ಕಡೆ ತಿರುಗಲಿಲ್ಲ.
ಹಾಲು ಕಟ್ಟಿ ಕಲ್ಲಾಯಿತು.
ಹಿಂಡಿ ಹಿಂಡಿ ಬಚ್ಚಲಿಗೆ ಚೆಲ್ಲಿದೆ.
ಕಚ್ಚಿದ ನೋವೇ ವಾಸಿ ಅನಿಸಿತ್ತು,
ಆ ಒಂದು ರಾತ್ರಿ ಮಾತ್ರ.

ಒಂದು ಉಸಿರು ಮೊಟಕಾದರೆ ಸಾಕು,
ಹಾಲು ಹಲ್ಲಾಗುತ್ತದೆ.

"ಬಿಡಿಸಿಬಿಡು" ಎಂದಳು ಅಕ್ಕ, ಪ್ವೆರ್ತೊ ಮೊಂತ್‌ನಿಂದ, ಫೋನಿನಲ್ಲಿ.
"ಹಲ್ಲು ಬಂತೆಂದರೆ ರೊಟ್ಟಿ ತಿನ್ನೆಂದು ದೇವರೇ ಹೇಳಿದ ಹಾಗೆ.
ತೊಟ್ಟಿಗೆ ಮೆಣಸಿನಕಾಯಿ ಸವರು. ಎರಡೇ ದಿನ."
ಮೆಣಸಿನಕಾಯಿ ಕುಟ್ಟಿದ್ದೆ ಕೂಡ, ಸುಳ್ಳು ಹೇಳುವುದಿಲ್ಲ.
ಬಟ್ಟಲು ಕಿಟಕಿಯಲ್ಲಿಟ್ಟು ನೋಡುತ್ತ ನಿಂತೆ.
ಸಂಜೆ ಅದು ಆಲೂಗೆಡ್ಡೆಯ ಸಾರಿಗೆ ಹೋಯಿತು.
ನಿನ್ನಪ್ಪ ಮೂಗೊರೆಸುತ್ತ ಎರಡು ಬಟ್ಟಲು ಕುಡಿದ.

ಅಜ್ಜಿಯ ದಾರಿ ಬೇರೆ.
ಹಸಿ ಉಣ್ಣೆ ನೂತು ನೂತು
ಅವಳ ಬೆರಳಿಗೆ ಕುರಿಯ ಜಿಡ್ಡು ಹತ್ತಿರುತ್ತದೆ.
ಎಪ್ಪತ್ತೆಂಟರಲ್ಲೂ ಅಂಗೈ ನಿನ್ನ ಕೆನ್ನೆಯಷ್ಟು ನುಣುಪು.
ಅದೇ ಜಿಡ್ಡನ್ನು ಸೋಸಿ ಕೊಳವೆಗೆ ತುಂಬಿದ್ದು
ಔಷಧದಂಗಡಿಯಿಂದ ತರಿಸಿದಳು, ನನ್ನ ಬಿರುಕಿಗೆ:
"ಕುರಿಗೂ ಮರಿಯ ಕಾಟ ಗೊತ್ತು."
ಮತ್ತೆ ಹೇಳಿದಳು, ಕಚ್ಚಿದರೆ ಎಳೆಯಬೇಡ,
ಎಳೆದರೆ ಹೋಗುವುದು ನಿನ್ನ ಚರ್ಮವೇ.
ಇನ್ನಷ್ಟು ಅವಚಿಕೊ, ಒಂದೇ ಕ್ಷಣ,
ಮೂಗು ಎದೆಗೆ ತಾಗಿದರೆ ತಾನೇ ಬಾಯಿ ಬಿಡುತ್ತಾನೆ.
ಇಲ್ಲವೇ ಕಿರುಬೆರಳು.

ಅದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ.
ದಿನಕ್ಕೆ ಎಂಟು ಗಂಟೆ ನಾನು ಮಾಡುವುದು ಅದೇ:
ಬಿಗಿದ ಚಿಪ್ಪಿನ ಸಂದಿ ಹುಡುಕಿ
ಚಾಕುವಿನ ತುದಿ ತೂರಿಸಿ
ಸಣ್ಣದೊಂದು ತಿರುವು.
ಒಳಗಿನ ಮೆತ್ತನೆಯದು ಹರಿದರೆ
ಮೇಲ್ವಿಚಾರಕಿ ಸಂಬಳದಲ್ಲಿ ಹಿಡಿಯುತ್ತಾಳೆ.
ಇಲ್ಲಿ ಚಾಕುವಿಲ್ಲ.
ನಿನ್ನ ತುಟಿಯ ಮೂಲೆಯಲ್ಲಿ, ಒಸಡುಗಳ ನಡುವೆ, ಕಿರುಬೆರಳು.
ಪಚಕ್. ಗಾಳಿ ಹೊಕ್ಕಿತು.
ನನ್ನದು ನನಗೆ ವಾಪಸು.

ಈಗ ನಿನ್ನನ್ನು ಓದಲು ಕಲಿತಿದ್ದೇನೆ, ಇಳಿತ ಉಬ್ಬರ ಓದುವ ಹಾಗೆ.
ಗುಟುಕು ಕೇಳುವವರೆಗೆ ಭಯವಿಲ್ಲ,
ನಾಲಿಗೆ ಕೆಳಗಿನ ಹಲ್ಲನ್ನು ಮುಚ್ಚಿರುತ್ತದೆ.
ಹೊಟ್ಟೆ ತುಂಬಿ, ಕಣ್ಣು ಅರೆಮುಚ್ಚಿ,
ದವಡೆ ಸುಮ್ಮನಾಯಿತೋ, ಆಗ ಎಚ್ಚರ.
ಕೆಲವು ಸಲ ಗೆಲ್ಲುತ್ತೇನೆ.
ಕೆಲವು ಸಲ ನಿದ್ದೆ ನನ್ನನ್ನೇ ಮೊದಲು ಒಯ್ಯುತ್ತದೆ.
ಆಗ ಹಲ್ಲು ಕಚ್ಚಿ ಸಹಿಸುತ್ತೇನೆ.
ಇಬ್ಬರೂ ಕಚ್ಚಿಕೊಂಡೇ ಇರುತ್ತೇವೆ, ಬೇರೆ ಬೇರೆ ಕಡೆ.

ಸಿಟ್ಟು ಬರುತ್ತದೆ ನನಗೆ.
ತಾಯಿಗೆ ಬರಬಾರದು ಎನ್ನುವಷ್ಟು.
ನಿನ್ನನ್ನು ನೆಲಕ್ಕೆ ಕೂರಿಸಿ, ತಣ್ಣನೆಯ ಕ್ಯಾರೆಟ್ಟು ಕೈಗೆ ಕೊಟ್ಟು,
ಹೊರಗೆ ಸೌದೆಯ ರಾಶಿಗೆ ಬೆನ್ನು ಹಚ್ಚಿ
ಇಪ್ಪತ್ತರವರೆಗೆ ಎಣಿಸುತ್ತೇನೆ.
ಹದಿಮೂರಕ್ಕೆ ನೀನು ಕರೆಯುತ್ತೀ.
ಯಾವಾಗಲೂ ಹದಿಮೂರಕ್ಕೇ.

ನಿನ್ನೆ ಅಂಗಿ ಬದಲಿಸುವಾಗ ಗುರುತು ಕಂಡಿತು ನಿನಗೆ.
ಬೆರಳಿಟ್ಟು ನೋಡಿದೆ.
ಬಿಸಿ ಆಲೂಗೆಡ್ಡೆಗೆ ನಾನು ಊದುವ ಹಾಗೆ
ಉಫ್ ಎಂದೆ, ಎಂಜಲು ಸಿಡಿಸಿ.
ಕ್ಷಮೆಯಲ್ಲ, ಗೊತ್ತು. ಊದುವ ಆಟ.
ಐದು ನಿಮಿಷಕ್ಕೆ ಮತ್ತೆ ಕಚ್ಚಿದೆ.

ಸೈರನ್ ಇನ್ನೇನು ಆಗುತ್ತದೆ. ಆ ಕಡೆಯದನ್ನೂ ಮುಗಿಸು.
ದವಡೆಹಲ್ಲು ಇನ್ನೂ ಬರಬೇಕಂತೆ,
ನಿನ್ನ ಒಸಡು ತಡವಿ ಹೇಳಿದಳು ಅಜ್ಜಿ,
ನಗುತ್ತ.
ಅವಳ ಬಾಯಲ್ಲಿ ಒಂದೂ ಇಲ್ಲ.