ಪುಡಿ ಉದುರದ ಹಾಗೆ

ಎಲ್ಲರೂ ಹೇಳುತ್ತಾರೆ: ಪಾಸಿಟಿವ್ ಆಗಿರು, ಅಟ್ರಾಕ್ಟಾ.
ಅಂಚೆಯವನು, ಪಾದ್ರಿ, ಪೆಟ್ರೋಲ್ ಬಂಕಿನ ಹುಡುಗಿ,
ನನ್ನ ಶಾಲೆ ಬಸ್ಸಿನ ಹಿಂದಿನ ಸೀಟಿನ ತುಂಟರು ಕೂಡ
ಕಾರ್ಡಿನ ಮೇಲೆ ಮಿನುಗುಪುಡಿ ಅಂಟಿಸಿ ಅದನ್ನೇ ಬರೆದಿದ್ದಾರೆ.
ನಾನು ಪಾಸಿಟಿವ್ ಆಗಿ ಹದಿನೇಳು ವರ್ಷವಾಯಿತು ಕಣ್ರಪ್ಪಾ.
ಸ್ಲೈಗೋದ ಲ್ಯಾಬಿನವರು ರಕ್ತ ನೋಡಿ
ಅದೇ ಪದವನ್ನು ಅಚ್ಚು ಹಾಕಿ ಕೊಟ್ಟಿದ್ದರು:
ಸೀಲಿಯಾಕ್. ಗೋಧಿ ಬೇಡ, ಬಾರ್ಲಿ ಬೇಡ, ರೈ ಬೇಡ,
ಸಾಯುವ ತನಕ.

ಸಾಯುವ ತನಕ ಅಂದರೆ ಎಷ್ಟು ದೂರ ಎಂದು
ಆಗ ಕೇಳಿರಲಿಲ್ಲ.

ಈಗ ಎರಡನೆಯದು. ಎಡ ಮೊಲೆಯಲ್ಲಿ, ದ್ರಾಕ್ಷಿಯಷ್ಟು.
ಗಾಲ್ವೇ ಆಸ್ಪತ್ರೆ, ಮೂರು ವಾರಕ್ಕೊಮ್ಮೆ, ಬುಧವಾರ.
ಸೂಜಿ ಸಿಕ್ಕಿಸಿ, ಚೀಲ ನೇತುಹಾಕಿದ ಮೇಲೆ
ಹನ್ನೊಂದಕ್ಕೆ ಸರಿಯಾಗಿ ತಳ್ಳುಗಾಡಿ ಬರುತ್ತದೆ:
ಚಹಾ, ಬೆಣ್ಣೆ ಸವರಿದ ಟೋಸ್ಟು.
ನಮ್ಮಲ್ಲಿ ಹೆರಿಗೆಗೂ ಅದೇ, ಸಾವಿನ ಮನೆಗೂ ಅದೇ,
ಕಾಲು ಮುರಿದರೂ ಅದೇ ಮದ್ದು.
ಬೇಡ ಅಂದರೆ ಹೊಸ ನರ್ಸಿನ ಮುಖ ಸಪ್ಪೆ:
'ಒಂದೇ ತುಣುಕು? ಶಕ್ತಿ ಬೇಕಲ್ಲ?'
ಕೈಚೀಲದಿಂದ ನನ್ನ ಅಕ್ಕಿ ಬಿಲ್ಲೆ ತೆಗೆಯುತ್ತೇನೆ.
ಥರ್ಮಾಕೋಲ್ ಕಡಿದ ಸದ್ದು ಇಡೀ ವಾರ್ಡಿಗೆ.

ಮನೆಗೆ ಬಂದು ವಾಂತಿ ಮಾತ್ರೆಯ ಚೀಟಿ ಬಿಡಿಸುತ್ತೇನೆ,
ಟವೆಲಿನಷ್ಟು ಉದ್ದ, ಇರುವೆ ಸಾಲಿನಂಥ ಅಕ್ಷರ.
ಪಿಷ್ಟ ಎಂದಿದೆ. ಯಾವುದರ ಪಿಷ್ಟ?
ಬ್ಯಾಲಿಮೋಟಿನ ಔಷಧಿ ಅಂಗಡಿಯ ಎತ್ನಾ
ಕಂಪನಿಗೆ ಫೋನು ಮಾಡಿ, ಇಪ್ಪತ್ತು ನಿಮಿಷ ಪಿಟೀಲು ಕೇಳಿ,
ಕೊನೆಗೆ ನನಗೆ ಹೇಳಿದಳು: ಮೆಕ್ಕೆಜೋಳದ್ದು.
ಅಷ್ಟು ಹೊತ್ತಿಗೆ ವಾಂತಿ ಆಗಿ ಹೋಗಿತ್ತು.
ಯಾವುದು ಯಾವುದರಿಂದ ಎಂದು ಹೊಟ್ಟೆಗೇ ಗೊತ್ತಿಲ್ಲ ಈಗ,
ಔಷಧಿಯೋ, ಯಾರದೋ ಚಾಕುವಿಗೆ ಅಂಟಿದ್ದ ಪುಡಿಯೋ.
ಇಬ್ಬರು ಸೊಸೆಯರ ಜಗಳದಲ್ಲಿ ಮಡಕೆ ಒಡೆದದ್ದು ಯಾರು
ಅಂತ ಹೇಗೆ ಹೇಳುವುದು?

ಪಕ್ಕದ ಕುರ್ಚಿ ಫಿಯಾಕ್ರನದು.
ಪಿಯಾನೋಗಳಿಗೆ ಶ್ರುತಿ ಕೂಡಿಸುವವನು,
ಎಪ್ಪತ್ತರ ಮೇಲೆ, ಕರುಳಿನದು.
ಮೊದಲ ಸಲ ಏನೂ ಕೇಳಲಿಲ್ಲ.
ಎರಡನೆಯ ಸಲ, ಟೋಸ್ಟು ಬಂದಾಗ,
ಸಲೈನ್ ಕಂಬವನ್ನು ಊರುಗೋಲಿನ ಹಾಗೆ ಹಿಡಿದು ಎದ್ದು
ಕಿಟಕಿಯವರೆಗೆ ನಡೆದು, ನನಗೆ ಬೆನ್ನು ಮಾಡಿ ತಿಂದ.
ಪುಡಿಯನ್ನು ಕರವಸ್ತ್ರಕ್ಕೆ ಹಿಡಿದು, ಮಡಿಸಿ, ಜೇಬಿಗಿಟ್ಟು,
ಕೈ ತೊಳೆದು ಬಂದು ಕೂತ.
ಆಮೇಲೆ ಸುಸ್ತಾಗಿ ಒಂದು ಗಂಟೆ ಮಾತಾಡಲಿಲ್ಲ.
ನನ್ನ ಗಂಡ, ದೇವರು ಅವನನ್ನು ಚೆನ್ನಾಗಿಟ್ಟಿರಲಿ,
ಬ್ರೆಡ್ಡು ಸವರಿದ ಚಾಕುವನ್ನು ಇವತ್ತಿಗೂ
ನನ್ನ ಜಾಮಿನ ಡಬ್ಬಿಗೇ ಅದ್ದುತ್ತಾನೆ.

ನಾಲ್ಕನೆಯ ಸಲ ಫಿಯಾಕ್ರ ಟೋಸ್ಟು ಕಚ್ಚಿ ಮುಖ ಕಿವಿಚಿದ:
'ರಟ್ಟು ತಿಂದ ಹಾಗಿದೆ. ಹಳೆ ನಾಣ್ಯ ನೆಕ್ಕಿದ ಹಾಗೆ.'
ಬಾ ಮಾರಾಯಾ, ಅಂದೆ, ನಮ್ಮ ಪಂಕ್ತಿಗೆ ಬಾ,
ಹದಿನೇಳು ವರ್ಷದಿಂದ ರಟ್ಟನ್ನೇ ಅಗಿಯುತ್ತಿದ್ದೇನೆ.
ನಕ್ಕೆವು. ನಕ್ಕ ರಭಸಕ್ಕೆ ನನ್ನ ಕೈಯ ನಳಿಗೆ ಮಡಿಸಿಕೊಂಡು
ಪಂಪು ಕೂಗಿಕೊಂಡಿತು, ನರ್ಸು ಓಡಿ ಬಂದಳು.

ಇದನ್ನು ಪಾಸಿಟಿವ್ ಅನ್ನುವುದಾದರೆ ಅನ್ನಿ.
ಮಿಕ್ಕ ದಿನ ನಾನು ಬಚ್ಚಲ ನೆಲದ ಮೇಲೆ
ಟೈಲು ಎಣಿಸುತ್ತಾ ಇರುತ್ತೇನೆ.
ಅರವತ್ತೆರಡು. ಒಂದು ಒಡೆದಿದೆ.

ಐದನೆಯ ಸಲ ಆ ಕುರ್ಚಿಯಲ್ಲಿ ಬೇರೆ ಯಾರೋ.
ದಿನ ಬದಲಾಗಿರಬಹುದು ಅಂದರು.
ನಾನು ಮತ್ತೆ ಕೇಳಲಿಲ್ಲ.

ಇವತ್ತು ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ.
ವಾಕರಿಕೆಯಲ್ಲ. ಹೊಟ್ಟೆ ತಡವಿ ನೋಡಿಕೊಂಡೆ. ಹಸಿವೇ.
ಗಂಡನನ್ನು ಎಬ್ಬಿಸದೆ ಒಂದು ಆಲೂಗಡ್ಡೆ ಬೇಯಿಸಿದೆ.
ಆಲೂಗಡ್ಡೆಗೆ ಚೀಟಿಯಿಲ್ಲ, ಓದುವ ಅಕ್ಷರವಿಲ್ಲ,
ಇದ್ದರೆ ಮಣ್ಣು, ತೊಳೆದರೆ ಹೋಯಿತು.
ಬಿಸಿಬಿಸಿ ಸಿಪ್ಪೆ ಸುಲಿದು ಬೆರಳು ಸುಟ್ಟುಕೊಂಡು
ಉಪ್ಪು ಉದುರಿಸಿ ಬಾಯಿಗಿಟ್ಟೆ.

ಮೊದಲು ನಾಣ್ಯ. ಆಮೇಲೂ ನಾಣ್ಯ.
ಆಮೇಲೆ, ನಾಲಗೆಯ ಎಡ ಅಂಚಿನಲ್ಲಿ,
ಸಾಸಿವೆ ಕಾಳಷ್ಟು ಜಾಗದಲ್ಲಿ,
ಉಪ್ಪು.

ತಟ್ಟೆ ಹಿಡಿದು ಕಿಟಕಿಗೆ ಹೋದೆ.
ಕತ್ತಲಿಗೆ ಮುಖ ಮಾಡಿ ನಿಂತೇ ತಿಂದೆ,
ಗದ್ದದ ಕೆಳಗೆ ಅಂಗೈ ಒಡ್ಡಿ,
ಒಂದು ಚೂರೂ ಕೆಳಗೆ ಬೀಳದ ಹಾಗೆ.