ನೆರಳಿನ ಸರ್ವೆ ನಂಬರು

ಬೇವಿನ ಬುಡದಲ್ಲಿ ಮೇಜು, ಮೇಜಿನ ಮೇಲೆ ನಕ್ಷೆ,
ನಕ್ಷೆ ಹಾರದಿರಲೆಂದು ಮೂಲೆಗೊಂದು ಕಲ್ಲು.
ಇಲ್ಲಿ ಗಾಳಿ ಎಷ್ಟಿದೆ ಎಂದು
ಆಮೇಲೆ ಯಾರೂ ವಿವರಿಸಬೇಕಿರಲಿಲ್ಲ.
ನಾನು ಪಂಚಾಯ್ತಿ ಗುಮಾಸ್ತ. ನಡಾವಳಿ ಬರೆಯುವವನು.

ಚಳ್ಳಕೆರೆ ಕಡೆಯಿಂದ ಬಂದ ಜೀಪಿನವರು
ಕೆಂಪು ಚುಕ್ಕಿ ಎಣಿಸಿದರು: ಹನ್ನೊಂದು ಗಾಳಿಯಂತ್ರ.
(ಹಟ್ಟಿಯ ಬಾಯಲ್ಲಿ ಅವು ಬರೀ ಫ್ಯಾನು.)
ಮಿಕ್ಕದ್ದೆಲ್ಲ ಬಿಳಿ. ಬಿಳಿ ಎಂದರೆ ಖಾಲಿ, ಎಂದರು.

ಕಿಲಾರಿ ಚಿನ್ನೋಬಯ್ಯ ಕೂತಲ್ಲಿಂದಲೇ ಕೋಲು ಚಾಚಿ
ಬಿಳಿಯ ಮೇಲೆ ಊರಿದ:
"ಇಲ್ಲಿ ದೇವರೆತ್ತು ಮಧ್ಯಾಹ್ನ ಮಲಗ್ತವೆ.
ಇದು ಹುತ್ತ. ಇಲ್ಲಿ ನಮ್ಮಜ್ಜ ಮುದಿಹೋರಿ ಮಣ್ಣು ಮಾಡಿದ್ದ,
ಹೊಸ ಕಂಬಳಿ ಹೊದಿಸಿ, ಕೊಂಬಿಗೆ ಅರಿಶಿನ ಹಚ್ಚಿ.
ಇದು... ಇದು ಹೇಳೋ ಜಾಗ ಅಲ್ಲ, ಬಿಡಿ."

ನಾನು ಬರೆದೆ:
ಗ್ರಾಮಸ್ಥರು ಕೆಲವು ಸಲಹೆ ನೀಡಿದರು.

ಪಾಲಕ್ಕ ಎದ್ದು ಕೇಳಿದಳು, ಕರೆಂಟು ಎಲ್ಲಿಗೆ ಹೋಗ್ತೈತೆ?
ಗ್ರಿಡ್ಡಿಗಮ್ಮ.
ಗ್ರಿಡ್ಡು ಯಾವೂರ ಹತ್ರ?
ಎಲ್ಲರೂ ನಕ್ಕರು. ಅವಳು ನಗಲಿಲ್ಲ,
ಉತ್ತರಕ್ಕೆ ನಿಂತೇ ಇದ್ದಳು.

ಆಗ ದಾವಣಗೆರೆಯ ಇಂಜಿನಿಯರ್ ಹುಡುಗಿ, ನಫೀಸಾ,
ಕಲ್ಲುಗಳನ್ನು ಒಂದೊಂದೇ ತೆಗೆದು
ನಕ್ಷೆ ಮಡಚಿ ಕಂಕುಳಿಗಿಟ್ಟು, "ನಡೀರಿ ಅಜ್ಜ" ಎಂದಳು.
ರೊಪ್ಪದ ಬಾಗಿಲಲ್ಲಿ ಮೆಟ್ಟು ಬಿಡಬೇಕು;
ಬೂಟಿನ ದಾರ ಬಿಚ್ಚುವಷ್ಟು ಹೊತ್ತು
ಕರುಗಳು ಅವಳನ್ನೇ ನೋಡಿದವು.
ಬಿಸಿಲು ಇಳಿದ ಮೇಲೆ ಮರಳಿದರು.
ಅವಳ ಅಂಗಾಲಲ್ಲಿ ಜಾಲಿಮುಳ್ಳು,
ನಕ್ಷೆಯ ತುಂಬ ಪೆನ್ಸಿಲ್ಲು.
ಏಳನೇ ಫ್ಯಾನು ಇನ್ನೂರು ಹೆಜ್ಜೆ ಸರಿದಿತ್ತು,
ಸದ್ಯಕ್ಕೆ ಕಾಗದದಲ್ಲಿ.

"ಕಂಬ ಸರಿಸಿದ್ರಿ, ಒಳ್ಳೇದು," ಎಂದ ಚಿನ್ನೋಬಯ್ಯ.
ಆಚೆ ಮರಡಿಯ ಮೇಲೆ ಐದು ವರ್ಷದಿಂದ ತಿರುಗುವ ಹಳೆಯದರ ರೆಕ್ಕೆ
ಆಗಲೇ ರೊಪ್ಪದ ಮೇಲೆ ನೆರಳು ಬೀಸುತ್ತಿತ್ತು.
ಬಂದಾಗೊಮ್ಮೆ ಕರುಗಳು ತಲೆ ತಗ್ಗಿಸುತ್ತಿದ್ದವು.
ಬಂತು, ತಗ್ಗಿಸಿದವು. ಬಂತು, ತಗ್ಗಿಸಿದವು.
"ಕಂಬದ ಜಾಗಕ್ಕೆ ಬಾಡಿಗೆ ಐತಿ, ಸರ್ವೆ ನಂಬರ್ ಐತಿ.
ಈ ನೆರಳು ಯಾರ ಹೆಸರಲ್ಲೈತಿ, ತಾಯಿ?"

ಅವಳು ಪಟ್ಟಿ ತಿರುವಿದಳು, ಮುಚ್ಚಿದಳು.
ಗೊತ್ತಿಲ್ಲ ಅಜ್ಜ, ಎಂದಳು.
ಇಡೀ ದಿನದಲ್ಲಿ ಜೀಪಿನವರು ಆಡಿದ ಮಾತುಗಳಲ್ಲಿ
ಹಟ್ಟಿ ತಲೆಯಾಡಿಸಿದ್ದು ಅದಕ್ಕೊಂದಕ್ಕೇ.

ರಾತ್ರಿ ಟ್ಯೂಬ್‌ಲೈಟಿನ ಕೆಳಗೆ
'ಕೆಲವು ಸಲಹೆ' ಹೊಡೆದುಹಾಕಿ
ಎತ್ತು, ಹುತ್ತ, ಕಂಬಳಿ, ಅರಿಶಿನ, ನೆರಳು
ಎಲ್ಲ ಬರೆದೆ, ಆತ ಹೇಳಿದ ಹಾಗೇ.
ಹೇಳಬಾರದ ಜಾಗಕ್ಕೆ ಒಂದು ಸಾಲು ಬಿಳಿ ಬಿಟ್ಟೆ.
ಅಧ್ಯಕ್ಷರು ಕೇಳಿದರೆ
ಪೆನ್ನಿನ ಶಾಯಿ ಮುಗಿದಿತ್ತು ಅನ್ನಬೇಕು.